ರ‍್ಯಾಂಪ್ ಸರಿದ ಮೇಲೆ ನಾವು ಮತ್ತೆ ಅಳೆದದ್ದು

ರಸ್ತೆ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಮಾಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಫ್ಲೈಓವರ್‌ಗೆ ವರದಿ ಮುಗಿದಿತ್ತು, ಆಮೇಲೆ ಇಳಿಯುವ ರ‍್ಯಾಂಪ್ ಎದುರು ಬದಿಗೆ, ಒಂದು ಶಾಲೆಯ ಪಕ್ಕಕ್ಕೆ ಹೋಯಿತು. "ಸಣ್ಣ ಬದಲಾವಣೆ ಸರ್, ಹಳೇ ವರದಿಗೆ ಒಂದು ಪುಟ ಸೇರಿಸಿ ಸಾಕು" ಅಂದರು ಎಂಜಿನಿಯರ್. ನಾನು ಒಪ್ಪಲಿಲ್ಲ.

ಯಾವ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿಗಳಿವೆ, ಮೆಟ್ರೊ ಮಾರ್ಗ ಇಲ್ಲ, ಊರೊಳಗಿನ ಎಷ್ಟೋ ಫ್ಲೈಓವರ್‌ಗಳೂ ಅದರಡಿ ಬರುವುದಿಲ್ಲ. ನಮ್ಮ ವರದಿ ಕೇಳಿದ್ದು ಸಾಲ ಕೊಡುವ ಸಂಸ್ಥೆ. ಆದರೆ ಕಾನೂನು ಕೇಳಲಿಲ್ಲ ಅಂತ ಮಕ್ಕಳ ಕಿವಿಗೆ ಬೀಳುವ ಸದ್ದು ಕಡಿಮೆ ಆಗುತ್ತಾ?

ಹಳೇ ವರದಿಯಲ್ಲಿ ಶಬ್ದ ಅಳೆದದ್ದು ಅಂಗಡಿ ಸಾಲಿನ ಮುಂದೆ. ಅಲ್ಲಿ ಹಗಲಿನ ಮಿತಿ 65 ಡೆಸಿಬಲ್. ಶಾಲೆಯ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಿದ್ದರೆ ಮಿತಿ 50. ಅಂಗಡಿಗಳ ಮುಂದೆ ಅಳೆದ ಅಂಕಿಯನ್ನು ಇಲ್ಲಿ ಇಟ್ಟು ನೋಡಿದರೆ ಕಥೆಯೇ ಬೇರೆ. ಮೀಟರನ್ನು ಗೇಟಿನ ಹತ್ತಿರ ಒಂದು, ನೆಲಮಹಡಿಯ ತರಗತಿಯ ಕಿಟಕಿ ಪಕ್ಕ ಒಂದು ಇಟ್ಟೆವು. ರ‍್ಯಾಂಪ್ ಬರುವ ಮೊದಲೇ ಸದ್ದು ಮಿತಿ ದಾಟಿತ್ತು. ಮಧ್ಯಾಹ್ನ ಸೆಕೆಯಲ್ಲೂ ಕಿಟಕಿ ಮುಚ್ಚಿಯೇ ಪಾಠ ಮಾಡುತ್ತೇವೆ ಅಂದರು ಅಲ್ಲಿನ ಮೇಡಂ. ಹಾಗಾಗಿ ವರದಿಯಲ್ಲಿ "ಮಿತಿಯೊಳಗಿದೆಯೇ" ಅನ್ನುವುದನ್ನು ಬಿಟ್ಟು, ಈಗಿರುವ ಸದ್ದಿಗೆ ರ‍್ಯಾಂಪ್ ಎಷ್ಟು ಸೇರಿಸುತ್ತದೆ ಅನ್ನುವುದನ್ನು ಲೆಕ್ಕ ಹಾಕಿದೆವು.

ಮರಗಳದ್ದು ಇನ್ನೂ ಜಾಸ್ತಿ ಕೆಲಸ. ನಕ್ಷೆಯಲ್ಲಿ ಕಾಮಗಾರಿಯ ಗಡಿ ತೋರಿಸುವ ಕೆಂಪು ಗೆರೆಯ ಒಳಗೆ ಬುಡ ಇದ್ದರೆ ಮರ ಕಡಿಯುವ ಪಟ್ಟಿಗೆ ಸೇರುತ್ತದೆ, ಹೊರಗಿದ್ದರೆ ಇಲ್ಲ. ಗೆರೆಯಿಂದ ಸ್ವಲ್ಪವೇ ಆಚೆ ದೊಡ್ಡದೊಂದು ಮಳೆಮರ ನಿಂತಿತ್ತು. ಬುಡ ಹೊರಗೆ, ಅರ್ಧ ಕೊಂಬೆಗಳು ರ‍್ಯಾಂಪಿನ ಮೇಲೆ, ಬೇರುಗಳು ಪಾಯ ತೋಡುವ ಜಾಗದಲ್ಲಿ. ಪಟ್ಟಿಯ ಪ್ರಕಾರ ಅದು ಉಳಿದ ಮರ, ನಿಜದಲ್ಲಿ ಎರಡು ಮಳೆಗಾಲ ತಡೆಯುವುದೂ ಕಷ್ಟ. ಇಂಥವಕ್ಕೆ ಬೇರೆ ಕಾಲಂ ಹಾಕಿದೆವು. ಎದೆಮಟ್ಟದಲ್ಲಿ ಟೇಪ್ ಸುತ್ತಿ ಅಳತೆ, ಜಾತಿ, ಫೋಟೊ, ಬುಡದ ಮೇಲೆ ಬಣ್ಣದಲ್ಲಿ ನಂಬರ್. ಹೊಂಗೆ, ಅತ್ತಿ ಯಾವುದನ್ನೂ ಬಿಡಲಿಲ್ಲ.

ಸುಮ್ನೆ ಹಟ ಮಾಡ್ತಿದ್ದೀರಿ ಅಂದವರಿಗೆ ನಾನು ಹೇಳಿದ್ದು ಬೆಂಗಳೂರಿನ ಹೊರವಲಯಕ್ಕೆ ಯೋಜಿಸಿದ್ದ ಪೆರಿಫೆರಲ್ ರಿಂಗ್ ರಸ್ತೆಯ ವಿಷಯ. ಕಡಿಯುವ ಮರ 200ರಿಂದ 500 ಅಂತ ಮೊದಲು ತೋರಿಸಿದ್ದರು, ಆಮೇಲೆ ಹೊರಬಂದ ಲೆಕ್ಕ 16,685. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಪರಿಣಾಮ ಅಧ್ಯಯನ ಮಾಡಿ ಅಂತ ಹೇಳಿತು. ಎಣಿಸದೆ ಉಳಿಸಿದ ಸಮಯ ಎಲ್ಲಿ ಉಳಿಯಿತು ಹೇಳಿ.

ಕೊನೆಗೆ ಶಾಲೆಯ ಬದಿಗೆ ಶಬ್ದ ತಡೆಗೋಡೆ ಬಂತು, ಮಳೆಮರದ ಕಡೆ ಪಾಯದ ಜಾಗ ಸ್ವಲ್ಪ ಸರಿಯಿತು. ಇದೇ ಕೆಲಸದಲ್ಲಿರುವವರಿಗೆ ಒಂದು ಮಾತು: ಇಂಥ ಕ್ರಮಗಳನ್ನು ವರದಿಯಲ್ಲಿ ಬರೆದು ಬಿಡಬೇಡಿ, ಟೆಂಡರಿನ ಬಿಒಕ್ಯೂನಲ್ಲಿ (ಮಾಡಬೇಕಾದ ಕೆಲಸಗಳ, ಅವುಗಳ ಪ್ರಮಾಣದ ಪಟ್ಟಿ) ದರದ ಸಮೇತ ಒಂದು ಸಾಲು ಹಾಕಿಸಿ. ಅಲ್ಲಿ ಇಲ್ಲದ ಗೋಡೆಯನ್ನು ಯಾವ ಗುತ್ತಿಗೆದಾರರೂ ಕಟ್ಟುವುದಿಲ್ಲ.