ಇಂಗ್ಲೆಂಡಿನ ಗಾಥಿಕ್ ಪ್ಯಾರಿಷ್ ಚರ್ಚು: ಯಾವ ಭಾಗ ಯಾವ ಕಾಲದ್ದು ಎಂದು ಗುರುತಿಸುವುದು ಹೇಗೆ?

ಇಂಗ್ಲೆಂಡಿನ ಹಳೆಯ ಪ್ಯಾರಿಷ್ ಚರ್ಚುಗಳಲ್ಲಿ, ಅಂದರೆ ಊರಿನ ಚರ್ಚುಗಳಲ್ಲಿ, ಒಂದೇ ಉಸಿರಿಗೆ ಕಟ್ಟಿ ಮುಗಿಸಿದ್ದು ಅಪರೂಪ. ಹಾಗಾಗಿ ಇಡೀ ಕಟ್ಟಡಕ್ಕೆ ಒಂದೇ ಶತಮಾನ ಹಚ್ಚಬೇಡಿ, ಭಾಗ ಭಾಗವಾಗಿ ನೋಡಿ.

ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು ಹಾಕಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಗೋಡೆಯ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ಕಲ್ಲಿನ ವರಸೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಕೆಳಗಿನಿಂದ ಮೇಲಿನವರೆಗೆ ನೇರ ಸಂದು ಕಂಡರೆ, ಅಲ್ಲಿ ಎರಡು ಬೇರೆ ಬೇರೆ ಸಲದ ಕೆಲಸ ಕೂಡಿದೆ ಎಂದರ್ಥ.

ಆಮೇಲೆ ಕಿಟಕಿಗಳು. ಅರೆವೃತ್ತದ ಕಮಾನು ಸಾಮಾನ್ಯವಾಗಿ ನಾರ್ಮನ್ ಶೈಲಿಯದು, ಅಂದರೆ ಚೂಪು ಕಮಾನಿನ ಗಾಥಿಕ್ ಶೈಲಿಗಿಂತ ಹಿಂದಿನದು. ಕಿರಿದಾಗಿ ಎತ್ತರವಾಗಿ ತುದಿ ಚೂಪಾದ ಲ್ಯಾನ್ಸೆಟ್ ಕಿಟಕಿ 1200ರ ಆಸುಪಾಸಿನಿಂದ ಬಹುಪಾಲು 13ನೇ ಶತಮಾನದ್ದು. ಕಿಟಕಿಯ ತಲೆಯಲ್ಲಿ ಕಲ್ಲಿನ ಪಟ್ಟಿಗಳು ವೃತ್ತಗಳಾಗಿ, ಇಲ್ಲವೇ (1300ರ ನಂತರದವಾದರೆ) ಬಳ್ಳಿಯಂತೆ ಬಳುಕುತ್ತ ಹೆಣೆದುಕೊಂಡರೆ ಅದು ಡೆಕೊರೇಟೆಡ್ ಶೈಲಿ. ನಿಲುಕಂಬಿಗಳು ಬಾಗದೆ ಕಮಾನಿನವರೆಗೂ ನೆಟ್ಟಗೆ ಏರಿದರೆ ಪರ್ಪೆಂಡಿಕ್ಯುಲರ್: 14ನೇ ಶತಮಾನದ ಕೊನೆಯಿಂದ 16ನೇ ಶತಮಾನದ ಆರಂಭದವರೆಗೆ. ಬಟ್ಟೆ ವ್ಯಾಪಾರದಲ್ಲಿ ಹಣ ಕಂಡ ಸಫೋಕ್‌ನ ಲ್ಯಾವೆನ್‌ಹ್ಯಾಮ್, ಲಾಂಗ್ ಮೆಲ್ಫರ್ಡ್‌ನಂಥ ಕಡೆ ಈ ಶೈಲಿಯ ದೊಡ್ಡ ಚರ್ಚುಗಳಿವೆ. ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂಬ ಹೆಸರುಗಳನ್ನು ಬಳಕೆಗೆ ತಂದವರು ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್, 1817ರಲ್ಲಿ. ಕಾಲದ ಗಡಿಗಳು ಅಂದಾಜಷ್ಟೇ.

ಹೆಚ್ಚಿನವರು ಎಡವುವುದು ಇಲ್ಲೇ. ಕಿಟಕಿಯ ಕಾಲ ಗೋಡೆಯ ಕಾಲವಲ್ಲ. ಹಳೆಯ ಗೋಡೆ ಒಡೆದು ಹೊಸ ಕಿಟಕಿ ಕೂರಿಸುವುದು ಮಾಮೂಲಿಯಾಗಿತ್ತು. ಚೌಕಟ್ಟಿನ ಸುತ್ತ ತೇಪೆ ಹಾಕಿದ ಕಲ್ಲುಗಳಿವೆಯೇ, ಮುಚ್ಚಿದ ಹಳೆಯ ಕಮಾನಿನ ತುಣುಕು ಪಕ್ಕದಲ್ಲಿ ಉಳಿದಿದೆಯೇ ನೋಡಿ. ಅಂಚುಗಳು ತೀರಾ ಚೂಪಾಗಿ, ಕಲ್ಲೆಲ್ಲ ಒಂದೇ ಬಣ್ಣವಾಗಿದ್ದರೆ 19ನೇ ಶತಮಾನದ ದುರಸ್ತಿ ಎಂದು ಶಂಕಿಸಿ. ಆಗಿನ ಉತ್ಸಾಹಿಗಳು ಒಳಗಿನ ಗಾರೆಯನ್ನೂ ಕೆರೆದು ತೆಗೆದರು. ಗಾರೆಯ ಮೇಲೆ ಚಿತ್ರಗಳಿದ್ದಲ್ಲಿ ಅವೂ ಹೋದವು. ಇಂಥ ಅತಿರೇಕದ ವಿರುದ್ಧವೇ ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು.

ಒಳಗೆ, ಪೂರ್ವ ತುದಿಯ ಚಾನ್ಸೆಲ್ (ಮುಖ್ಯ ಬಲಿಪೀಠವಿರುವ ಭಾಗ) ಹಳೆಯದಾಗಿ, ಜನ ಕೂರುವ ನೇವ್ ಹೊಸದಾಗಿ ಕಂಡರೆ ಗಾಬರಿ ಬೇಡ. ಆಗ ಚಾನ್ಸೆಲ್‌ನ ದುರಸ್ತಿ ರೆಕ್ಟರ್ (ಚರ್ಚಿನ ಆದಾಯದ ಹಕ್ಕುದಾರ) ಪಾಲಿನದಾಗಿತ್ತು, ನೇವ್‌ನದು ಊರವರ ಪಾಲಿನದಾಗಿತ್ತು. ಊರವರ ಕೈಯಲ್ಲಿ ಹಣವಿದ್ದಾಗ ನೇವ್ ಬೆಳೆಯಿತು, ಚಾನ್ಸೆಲ್ ಇದ್ದಹಾಗೇ ಉಳಿಯಿತು. ಚಾನ್ಸೆಲ್‌ನ ದಕ್ಷಿಣ ಗೋಡೆಯಲ್ಲಿ ಪೂಜಾಪಾತ್ರೆ ತೊಳೆಯುತ್ತಿದ್ದ ಪಿಸಿನಾ ಗೂಡು ಸಾಮಾನ್ಯವಾಗಿ ಇರುತ್ತದೆ. ಅಂಥದ್ದೇ ಗೂಡು ಬೇರೆ ಕಡೆ ಸಿಕ್ಕರೆ, ಅಲ್ಲೂ ಒಂದು ಬಲಿಪೀಠವಿತ್ತು.

ಕೊನೆಗೆ ಪಶ್ಚಿಮದ ಗೋಪುರ. ನೇವ್ ಕಡೆಗಿನ ಮುಖದಲ್ಲಿ ತಲೆಕೆಳಗಾದ V ಆಕಾರದ ಗೆರೆ ಹುಡುಕಿ. ಅದು ಹಳೆಯ ಚಾವಣಿಯ ಗುರುತು. ಈಗಿನ ಚಾವಣಿಗಿಂತ ಮೇಲಿದ್ದರೆ ಕಡಿದಾದ ಚಾವಣಿಯನ್ನು ಇಳಿಸಿದ್ದಾರೆ. ಒಳಗಡೆ, ಈಗಿನ ಚಾವಣಿಯ ಕೆಳಗೆ ಕಂಡರೆ, ಬೆಳಕಿಗಾಗಿ ಮೇಲುಸಾಲಿನ ಕಿಟಕಿ ಇಡಲು ಗೋಡೆ ಎತ್ತರಿಸಿರುವ ಸಾಧ್ಯತೆ ಹೆಚ್ಚು.