ಯಾವ ಗೆರೆ ತೊಡಕಾಗಿದೆ? ಸಣ್ಣ ಗುಂಪಿನ ಸ್ನೇಹ-ಮುನಿಸು ಅಳೆಯುವುದು ಹೀಗೆ

ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಮೂರು ಕಾಲಂ ಸಾಕು: ಒಬ್ಬರು, ಇನ್ನೊಬ್ಬರು, ಚಿಹ್ನೆ. ಸ್ನೇಹಕ್ಕೆ 1, ಮುನಿಸಿಗೆ −1. ಒಡನಾಟವೇ ಇಲ್ಲದ ಜೋಡಿಯನ್ನು ಬರೆಯಲೇಬೇಡಿ. ಎಡವುವುದು ಇಲ್ಲೇ ಜಾಸ್ತಿ. ಮಾತಿಲ್ಲ ಅಂದ ಮಾತ್ರಕ್ಕೆ ಜಗಳ ಅಂತಲ್ಲ, ಅಲ್ವಾ? ಅದನ್ನು −1 ಅಂತ ಬರೆದರೆ ಮುಂದಿನ ಲೆಕ್ಕವೆಲ್ಲ ಹಾಳು.

ಪ್ರತಿ ಜೋಡಿಯನ್ನು ಒಂದು ಗೆರೆ ಅಂದುಕೊಳ್ಳಿ. ಆಮೇಲೆ ತ್ರಿಕೋನಗಳನ್ನು, ಅಂದರೆ ಪರಸ್ಪರ ಗೆರೆಯಿರುವ ಮೂವರ ಕೂಟಗಳನ್ನು ನೋಡಿ. ಮೂರೂ ಚಿಹ್ನೆಗಳನ್ನು ಗುಣಿಸಿದಾಗ 1 ಬಂದರೆ ಸಮತೋಲ, −1 ಬಂದರೆ ಒಳಗೆಲ್ಲೋ ಎಳೆದಾಟ. ಮನಶ್ಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ 1946ರಲ್ಲಿ ಹೇಳಿದ ವಿಚಾರವನ್ನು ಕಾರ್ಟ್‌ರೈಟ್ ಮತ್ತು ಹರಾರಿ 1956ರಲ್ಲಿ ಹೀಗೆ ಗಣಿತಕ್ಕೆ ಇಳಿಸಿದರು. ಎಣಿಕೆಗೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೈನ್‌ನೆಟ್ ಪ್ಯಾಕೇಜ್ ಇದೆ. ಪೈಥಾನ್ ಬಲ್ಲವರಿಗೆ ಅದರ ನೆಟ್‌ವರ್ಕ್‌ಎಕ್ಸ್ ಪ್ಯಾಕೇಜ್ ಸಾಕು.

ನಾಲ್ಕು ಜನರನ್ನು ತೆಗೆದುಕೊಳ್ಳೋಣ: ಕ, ಖ, ಗ, ಘ. ಖ, ಗ, ಘ ಮೂವರೂ ಗೆಳೆಯರು. ಕ ಎಂಬವರಿಗೆ ಖ ಗೆಳೆಯ, ಆದರೆ ಗ, ಘ ಇಬ್ಬರ ಮೇಲೂ ಮುನಿಸು. ನಾಲ್ಕು ತ್ರಿಕೋನಗಳಲ್ಲಿ ಎರಡು ಮಾತ್ರ ಸರಿ. ಅಂದರೆ 0.5. ಗುಂಪು ಅರ್ಧ ಕೆಟ್ಟಿದೆ ಅನ್ನಿಸುತ್ತದೆ. ಆದರೆ ಕೆಟ್ಟ ಎರಡರಲ್ಲೂ ಕ–ಖ ಗೆರೆಯೇ ಇದೆ! ಅದೊಂದು ಬದಲಾದರೆ ಎಲ್ಲವೂ ಸರಿಹೋಗುತ್ತದೆ. ಹಾಗಾಗಿ ಸುಮ್ನೆ ಶೇಕಡಾವಾರು ನೋಡಿ ತೀರ್ಪು ಕೊಡಬೇಡಿ. ಕನಿಷ್ಠ ಎಷ್ಟು ಗೆರೆ ಬದಲಾದರೆ ಸಮತೋಲ ಬರುತ್ತದೆ ಅನ್ನುವುದನ್ನೂ ಕೇಳಿ. ಇದೇ ಫ್ರಸ್ಟ್ರೇಶನ್ ಇಂಡೆಕ್ಸ್. ನನಗೆ ಇದರ ಮೇಲೇ ಹೆಚ್ಚು ನಂಬಿಕೆ.

ಇದನ್ನು ಹುಡುಕುವುದೂ ಸುಲಭ. ಪೂರ್ತಿ ಸಮತೋಲವಿದ್ದರೆ ಬಣದೊಳಗೆ ಬರೀ ಸ್ನೇಹ, ಎರಡು ಬಣಗಳ ನಡುವೆ ಬರೀ ಮುನಿಸು. ಹಾಗಾಗಿ ಜನರನ್ನು ಎರಡು ಬಣ ಮಾಡಿ. ಬಣದೊಳಗಿನ ಮುನಿಸು, ಬಣಗಳ ನಡುವಿನ ಸ್ನೇಹ, ಎರಡನ್ನೂ ಎಣಿಸಿ. ಹೀಗೆ ಎಲ್ಲ ಬಗೆಯಲ್ಲೂ ಹಂಚಿ ನೋಡಿದಾಗ ಸಿಗುವ ಅತಿ ಕಡಿಮೆ ಸಂಖ್ಯೆಯೇ ಉತ್ತರ. 16 ಜನರಿದ್ದರೆ 32,768 ಬಗೆ. ಕಂಪ್ಯೂಟರಿಗೆ ಅದೇನೂ ಹೊರೆಯಲ್ಲ.

ಅಭ್ಯಾಸಕ್ಕೆ ನ್ಯೂಗಿನಿಯ ಗಹುಕು-ಗಾಮಾ ಬುಡಕಟ್ಟು ಗುಂಪುಗಳ ಮಾಹಿತಿ ಸೈನ್‌ನೆಟ್‌ನಲ್ಲೇ ಇದೆ: 16 ಗುಂಪು, 29 ಸ್ನೇಹ, 29 ಹಗೆ. ಅಲ್ಲಿನ 68 ತ್ರಿಕೋನಗಳಲ್ಲಿ 59 ಸಮತೋಲದವು. ಉಳಿದ 9ರಲ್ಲಿ 7 ಕಡೆ ಮೂವರೂ ಪರಸ್ಪರ ವೈರಿಗಳು. ಎರಡೇ ಬಣ ಇರಬೇಕೆಂದೇನೂ ಇಲ್ಲ ಎಂದು 1967ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸ್ ವಾದಿಸಿದರು. ಮೂವರು ವೈರಿಗಳು ಮೂರು ಬಣದವರಾಗಿರಬಹುದಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಈ 7ರಲ್ಲೂ ದೋಷವಿಲ್ಲ. ಆಗ ಕೂತು ನೋಡಬೇಕಾದದ್ದು ಮಿಕ್ಕ ಎರಡನ್ನು ಮಾತ್ರ.