ಅಜ್ಜನ ಫೋಟೊ ದೊಡ್ಡದು ಮಾಡಿದ ಅನುಭವ

ಅಜ್ಜ ತೀರಿಕೊಂಡಾಗ ಗೋಡೆಗೆ ಹಾಕಲು ಅವರ ಒಂದು ದೊಡ್ಡ ಫೋಟೊ ಇರಲಿಲ್ಲ. ವೈಕುಂಠ ಸಮಾರಾಧನೆಗೆ ಐದು ದಿನ ಬಾಕಿ. ಹಳೆಯ ಆಲ್ಬಮ್ಮಿನ ಫೋಟೊವನ್ನು ಚಿಕ್ಕಪ್ಪ ಮೊಬೈಲಿನಲ್ಲಿ ತೆಗೆದು ಕಳಿಸಿದರು. "12x15 ಇಂಚು ಪ್ರಿಂಟ್ ತೆಗೆಸಿ ಕಟ್ಟು ಹಾಕಿಸಿಬಿಡಪ್ಪ" ಎಂದರು.

ಸುತ್ತಲಿನದನ್ನು ಕತ್ತರಿಸಿದ ಮೇಲೆ ಉಳಿದದ್ದು 640x800 ಪಿಕ್ಸೆಲ್. ಗಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದರೆ ರೆಸಲ್ಯೂಶನ್ 72 ಅಂತ ತೋರಿಸಿತು. ಒಳ್ಳೆಯ ಪ್ರಿಂಟಿಗೆ 300 ಬೇಕು ಎಂದು ಕೇಳಿದ್ದೆ. ಸರಿ, 300 ಅಂತ ಬರೆದೆ. ಪಿಕ್ಸೆಲ್ ಒಂದೂ ಹೆಚ್ಚಲಿಲ್ಲ. ಪ್ರಿಂಟಿನ ಅಗಲ ಮಾತ್ರ ಎರಡು ಇಂಚು ಚಿಲ್ಲರೆಗೆ ಇಳಿಯಿತು! ಇರುವ ಪಿಕ್ಸೆಲ್‌ಗಳನ್ನು ಒಂದು ಇಂಚಿಗೆ ಎಷ್ಟರಂತೆ ಹಂಚಬೇಕು, ಆ ಅಂಕಿ ಹೇಳುವುದು ಅಷ್ಟೇ. 640 ಪಿಕ್ಸೆಲನ್ನು 12 ಇಂಚಿಗೆ ಹಂಚಿದರೆ ಇಂಚಿಗೆ ಬರೀ 53.

ಆಮೇಲೆ ಪಿಕ್ಸೆಲ್ ಸಂಖ್ಯೆಯನ್ನೇ ಬದಲಿಸುವ ಸ್ಕೇಲ್ ಇಮೇಜ್‌ಗೆ ಹೋಗಿ, ಇಂಚಿಗೆ 300ರ ಲೆಕ್ಕದಲ್ಲಿ 3600x4500 ಕೊಟ್ಟೆ. ಫೈಲ್ ದೊಡ್ಡದಾಯಿತು, ಮುಖ ಮೇಣದ ಹಾಗಾಯಿತು. ಹೊಸ ಪಿಕ್ಸೆಲ್‌ಗಳನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ನೋಡಿ ತುಂಬಿಸುತ್ತದೆ. ಅಜ್ಜನ ಹುಬ್ಬಿನ ಮೇಲಿದ್ದ ಗಾಯದ ಗುರುತು ಅದಕ್ಕೆ ಹೇಗೆ ಗೊತ್ತಾಗಬೇಕು? ಪಿಕ್ಸೆಲ್ ತುಂಬಿಸುವ ವಿಧಾನವನ್ನು ಕ್ಯೂಬಿಕ್, ನೋಹೇಲೋ ಅಂತ ಬದಲಿಸಿಯೂ ನೋಡಿದೆ. ಅಂಚುಗಳು ಸ್ವಲ್ಪ ಬೇರೆ ಕಂಡವು, ಗುರುತು ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಬಸ್ ಹತ್ತಿ ಊರಿಗೆ ಹೋಗಿ ಆಲ್ಬಮ್ಮನ್ನೇ ತಂದೆ. ಫೋಟೊ ಇದ್ದದ್ದು 2 ಇಂಚು ಅಗಲ, ಎರಡೂವರೆ ಇಂಚು ಎತ್ತರ. ಸ್ಕ್ಯಾನರಿನ ಗಾಜು ಒರೆಸಿ 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದೆ. 2400x3000 ಪಿಕ್ಸೆಲ್ ಸಿಕ್ಕಿತು. 12 ಇಂಚಿಗೆ ಹಂಚಿದರೆ ಇಂಚಿಗೆ 200. ಗೋಡೆಯ ಫೋಟೊವನ್ನು ನಾಲ್ಕೈದು ಅಡಿ ದೂರದಿಂದ ತಾನೇ ನೋಡುವುದು, ಅಷ್ಟು ಧಾರಾಳ ಸಾಕು. 2400 ಡಿಪಿಐನಲ್ಲೂ ಒಮ್ಮೆ ಮಾಡಿ ನೋಡಿದೆ. ಧೂಳು, ಗೀರು ಜಾಸ್ತಿ ಕಂಡವೇ ಹೊರತು ಅಜ್ಜ ಜಾಸ್ತಿ ಕಾಣಲಿಲ್ಲ.

ಈ ಸಲ ಸ್ಕೇಲ್ ಮುಟ್ಟಲೇ ಇಲ್ಲ. ಪ್ರಿಂಟ್ ಸೈಜ್‌ನಲ್ಲಿ 200 ಕೊಟ್ಟೆ. ಧೂಳಿನ ಚುಕ್ಕೆಗಳನ್ನು ಹೀಲ್ ಟೂಲ್‌ನಿಂದ ಒಂದೊಂದಾಗಿ ತೆಗೆದೆ, ಒಂದು ಸಂಜೆ ಅದಕ್ಕೇ ಹೋಯಿತು. ಮೂಲವನ್ನು ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್ ಆಗಿ ಉಳಿಸಿ, ಸ್ಟುಡಿಯೊಗೆ ಜೆಪೆಗ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಮೆಸೇಜಿನಲ್ಲಿ ಕಳಿಸಿದರೆ ಮತ್ತೆ ಪಿಕ್ಸೆಲ್ ಕಳೆದುಹೋದೀತು ಎಂಬ ಭಯ. ನೆಂಟರ ಮೊಬೈಲಿಗೆ 1080 ಪಿಕ್ಸೆಲ್ ಅಗಲದ ಚಿಕ್ಕ ಪ್ರತಿ ಬೇರೆಯೇ ಮಾಡಿದೆ.

ಕಟ್ಟು ಹಾಕಿಸಿದ ಫೋಟೊ ಮನೆಗೆ ಬಂದಾಗ ಅಜ್ಜಿ ಮೊದಲು ಬೆರಳಿಟ್ಟದ್ದು ಹುಬ್ಬಿನ ಮೇಲಿನ ಆ ಗುರುತಿನ ಮೇಲೆ.